ಒಂಬತ್ತು ಪಾದ

ಮಲ್ಕಪ್ಪ ಚಪ್ಪಲಿ ಬದಿಗಿಟ್ಟು, ಹೆಬ್ಬೆರಳಿಗೆ ಹಿಮ್ಮಡಿ ತಾಗಿಸುತ್ತ ಹೊಲದ ಮೂಲೆಯಲ್ಲಿ ಪಾದ ಅಳೆಯುತ್ತ ನಡೆದಿದ್ದ. ಏಳು, ಎಂಟು, ಒಂಬತ್ತು. ನಿಂತು, ಸಲಿಕೆಯ ತುದಿಯಿಂದ ಕರಿ ಮಣ್ಣಿನಲ್ಲಿ ಗೆರೆ ಎಳೆದ.

"ಇಷ್ಟು ಅಗೀರೆಪಾ."

"ಯಾರ ಪಾದ ಅದು?" ಎಂದುಬಿಟ್ಟಳು ಶಿವಗಂಗಾ. ಅಂದದ್ದೇ ನಾಲಿಗೆ ಕಚ್ಚಿಕೊಂಡಳು. ಅಯ್ಯೋ, ಈ ಸುಡುಗಾಡು ಬಾಯಿ! ನಲವತ್ತರ ಹತ್ತಿರ ಬಂದರೂ ಬುದ್ಧಿ ಬರಲಿಲ್ಲ.

ಸಮಾಧಿಯ ಉದ್ದ ಲಿಂಗೈಕ್ಯರಾದವರ ಪಾದದಲ್ಲೇ ಒಂಬತ್ತು ಇರಬೇಕು. ಮನೆಗೆ ಹೋಗಿ, ಜೋಳದ ದಂಟಿನ ಮೇಲೆ ಅವರ ಪಾದದ ಅಳತೆ ಹಿಡಿದು ತರಬೇಕು. ಮಲ್ಕಪ್ಪ ಸೋಮಾರಿತನಕ್ಕೆ ತನ್ನದೇ ಪಾದ ಹಾಕಿದ್ದ. ತೀರಿಹೋದ ಚಂದ್ರಾಮಪ್ಪ ಮಾಸ್ತರರದು ಹೆಣ್ಣುಮಕ್ಕಳ ಪಾದದಂಥ ಪುಟ್ಟ ಪಾದ. ಇವನದೋ, ಅಬ್ಬಬ್ಬಾ, ಮೊರದಗಲ.

ಹತ್ತಾರು ಮಂದಿ ತಿರುಗಿ ನೋಡಿದರು. ಮಲ್ಕಪ್ಪ ಮಾತ್ರ ನಕ್ಕ. ಅವರಿಬ್ಬರೂ ಒಂದೇ ಕ್ಲಾಸಿನವರು. ಅವಳು ಮೊದಲ ಬೆಂಚು, ಅವನು ಕಡೆಯ ಬೆಂಚು.

"ಖರೆ ಅದ ಮೇಡಮ್ಮೋರ. ನಾ ತಪ್ಪಿದೆ. ನೀವೇ ಹೋಗಿ ಅಳತಿ ತರ್ರಿ. ರೇವಮ್ಮಾಯಿ ಅಲ್ಲೇ ಕುಂತಾಳ."

ಶಿವಗಂಗಾ ಊರಿನ ಕಡೆ ನೋಡಿದಳು. ಬೆಳಗ್ಗೆ ಆಳಂದದಿಂದ ಎರಡು ಬಸ್ಸು ಬದಲಿಸಿ, ನೆಲೋಗಿಯಲ್ಲಿಳಿದು ಈ ಹಳ್ಳಿಯವರೆಗೆ ನಡೆದು ಬಂದವಳು ಮಾಸ್ತರರ ಮನೆಯೊಳಗೆ ಕಾಲಿಡದೆ ನೇರ ಹೊಲಕ್ಕೆ ಬಂದದ್ದೇ ಅವರ ಹೆಂಡತಿ ರೇವಮ್ಮನ ಮುಖ ನೋಡಲು ಹೆದರಿ.

*

ಇಪ್ಪತ್ತೇಳು ವರ್ಷದ ಹಿಂದೆ, ಆರನೇ ಇಯತ್ತೆಯಲ್ಲಿ, ಮಾಸ್ತರರು ಮಕ್ಕಳಿಗೆ ಪಾದದಿಂದ ತರಗತಿಯ ಖೋಲಿ ಅಳೆಯಲು ಹಚ್ಚಿದ್ದರು. ಶಿವಗಂಗಾಳಿಗೆ ಮೂವತ್ತೊಂದು ಬಂತು, ಮಲ್ಕಪ್ಪನಿಗೆ ಇಪ್ಪತ್ತಾರು.

"ಖೋಲಿ ಒಂದೇ ಅದ, ಉತ್ತರ ಯಾಕ ಎರಡು? ಜಗಳ ಆಡ್ರಿ, ನಾ ಕೇಳ್ತೇನಿ," ಎಂದು ಕಿವಿಗೆ ಕೈ ಹಚ್ಚಿ ಕುರ್ಚಿಯಲ್ಲಿ ಕೂತುಬಿಟ್ಟರು. ಕೂಗಾಡಿ ಸುಸ್ತಾದ ಮಕ್ಕಳೇ "ಎಲ್ಲಾರಿಗೂ ಒಂದೇ ಅಳತಿ ಬೇಕ್ರಿ ಮಾಸ್ತರ್ರ" ಎನ್ನುವವರೆಗೆ ಆ ಮನುಷ್ಯ ತುಟಿ ಪಿಟಕ್ಕೆನ್ನಲಿಲ್ಲ.

ಅದೇ ವಾರ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಗಣಿತದಲ್ಲಿ ಎಷ್ಟು ಪಾಠ ಮುಗಿದಿವೆ ಎಂದು ಕೇಳಿದರು. ಶಿವಗಂಗಾ ಚಟ್ಟನೆ ಎದ್ದು ನಿಂತಳು.

"ಪುಸ್ತಕ ತಗದೇ ಇಲ್ರಿ ಸಾಹೇಬ್ರ. ಮಾಸ್ತರ್ರು ನಮಗ ಜಗಳ ಹಚ್ಚಿ ಸುಮ್ಮ ಕುಂತಿರ್ತಾರ್ರಿ."

ಸಾಹೇಬರ ಹುಬ್ಬು ಮೇಲೇರಿತು. ಮಾಸ್ತರರು ಹಣೆ ಒರೆಸಿಕೊಂಡರು. ಹುಡುಗಿ ಚೀಲ ಎತ್ತಿಕೊಂಡು ಮನೆಗೆ ಓಡಿದಳು. ಜ್ವರ ಹಿಡಿದು ಮಲಗಿದಳು. ಬೇಸಿಗೆ ರಜೆ ಮುಗಿದ ಮೇಲೆ ಅಪ್ಪ ಅವಳನ್ನು ಜೇವರ್ಗಿಯ ಹಾಸ್ಟೆಲಿಗೆ ಹಾಕಿದ. ಸುದ್ದಿ ಬಂದದ್ದು ಅಲ್ಲಿಗೆ: ಚಂದ್ರಾಮಪ್ಪ ಮಾಸ್ತರರನ್ನು ವರ್ಗ ಮಾಡಿ ದೂರದ ಗೊಬ್ಬೂರಿಗೆ ಒಗೆದಿದ್ದಾರಂತೆ.

ಈಗ ಅವಳು ಬಿ.ಎಡ್. ಕಾಲೇಜಿನಲ್ಲಿ ಕಲಿಕಾ ಸಿದ್ಧಾಂತ ಕಲಿಸುತ್ತಾಳೆ. ಪ್ರತಿ ವರ್ಷ ಮೊದಲ ದಿನ ಸಿದ್ಧಾಂತದ ಹೆಸರನ್ನೇ ಎತ್ತುವುದಿಲ್ಲ. ನಾಳಿನ ಮಾಸ್ತರರಿಂದ ಚಪ್ಪಲಿ ಬಿಡಿಸಿ ಖೋಲಿ ಅಳೆಸುತ್ತಾಳೆ, ಜಗಳ ಹಚ್ಚಿ ಕೂರುತ್ತಾಳೆ. ಮಕ್ಕಳು ತಾವೇ ಮಾಡಿ, ತಮ್ಮೊಳಗೆ ವಾದಿಸಿ ಹೇಗೆ ಕಲಿಯುತ್ತಾರೆಂಬುದು ಆಮೇಲೆ ತಾನಾಗಿ ಬಾಯಿಗೆ ಬರುತ್ತದೆ. ಆಹಾ ಎಂಥ ಪಾಠ ಎಂದು ಎಲ್ಲರೂ ಹೊಗಳುತ್ತಾರೆ. ಇದು ನಿಮ್ಮದೇ ಪಾಠ ಎಂದು ಮಾಸ್ತರರಿಗೆ ಹೇಳಲು ಒಂದು ದಿನವೂ ಬರಲಿಲ್ಲ. ಯಾವ ಮುಖ ಹೊತ್ತು ಬರುವುದು?

*

ಪಡಸಾಲೆಯಲ್ಲಿ ಮಾಸ್ತರರನ್ನು ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ ಕೂರಿಸಿದ್ದರು. ಎಂಬತ್ತೆರಡರ ಜೀವ, ನಿದ್ದೆಯಲ್ಲೇ ಹೋಗಿತ್ತು. ಪಕ್ಕದಲ್ಲಿ ಕೂತಿದ್ದ ರೇವಮ್ಮ ತಲೆಯೆತ್ತಿದಳು.

"ಯಾರ ಬೇ ನೀ?"

"ಶಿವಗಂಗಾ ರೀ ಯವ್ವಾ. ಪಾದದ ಅಳತಿ ಒಯ್ಯಾಕ ಬಂದೇನಿ."

"ಸಾಹೇಬ್ರ ಮುಂದ ಖರೆ ಹೇಳಿದ ಹುಡುಗಿ ಏನ?"

ಮುಗಿಯಿತು. ಶಿವಗಂಗಾ ಅವಳ ಕಾಲ ಬಳಿ ಕೂತಳು. "ತಪ್ಪಾಗ್ಯಾದ್ರಿ ಯವ್ವಾ. ನನ್ನ ಬಾಯಿಂದಾನೇ ಮಾಸ್ತರ್ರಿಗೆ ವರ್ಗಾ ಆತು."

"ಯಾರಂದ್ರ ನಿನಗ? ಗೊಬ್ಬೂರ ನನ್ನ ತವರ ಬೇ! ನಮ್ಮವ್ವ ಹಾಸಗಿ ಹಿಡದಿದ್ಳು. ಸಾಹೇಬ್ರು ಬರೂಕಿಂತ ಮೊದಲ, ದೀಪಾವಳಿಗೇ ಅರ್ಜಿ ಕೊಟ್ಟು, ಆರು ತಿಂಗಳು ಆಫೀಸಿಗೆ ತಿರುಗಿ ತಾವೇ ಮಾಡಿಸ್ಕೊಂಡ್ರು. ಆರ್ಡರ್ ಬಂದ ದಿನ ನಾ ಹೋಳಗಿ ಮಾಡಿದ್ದೆ."

"ಹೋಳಗಿ ಏನ್ರಿ?"

"ಮತ್ತ? ಇನ್ನ ಆ ಸಾಹೇಬ್ರು. ನೀ ಓಡಿ ಹೋದಿ ನೋಡು, ಆಮ್ಯಾಲ ಬೂಟ ಕಳದು ತಾವೇ ಖೋಲಿ ಅಳದ್ರಂತ. ಸಾಕ್ಸ ಹರದು ಹೆಬ್ಬಟ್ಟ ಹೊರಗ ಬಂದಿತ್ತಂತ. ಅದನ್ನ ಹೇಳಿ ಹೇಳಿ ಮೊನ್ನೆತನಾ ನಗ್ತಿದ್ರು. ಆ ಹುಡುಗಿ ಉತ್ತರ ಕೇಳಲಾರದೇ ಓಡಿತು ಅಂತಿದ್ರು."

ಶಿವಗಂಗಾ ಕಣ್ಣೊರೆಸಿಕೊಂಡಳು. "ಸಾಹೇಬ್ರಿಗೆ ಎಷ್ಟು ಬಂತಂತ್ರಿ?"

"ಇಪ್ಪತ್ತಮೂರು."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅಳುತ್ತಿದ್ದ ಹೆಂಗಸರು ಸೆರಗು ಇಳಿಸಿ ನೋಡಿದರು. ನೋಡಲಿ ಬಿಡಿ. ಇಪ್ಪತ್ತೇಳು ವರ್ಷ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಿತ್ತು.

ರೇವಮ್ಮ ದಂಟು ಕೊಟ್ಟಳು. ಶಿವಗಂಗಾ ಮಾಸ್ತರರ ಪಾದವನ್ನು ಎರಡೂ ಕೈಯಲ್ಲಿ ಹಿಡಿದಳು. ತಣ್ಣಗಿತ್ತು. "ನಿಮ್ಮ ಪಾಠ ನಾನೇ ನಡಸಾಕತ್ತೇನ್ರಿ ಮಾಸ್ತರ್ರ," ಎಂದಳು. ಆಮೇಲೆ ಹಿಮ್ಮಡಿಯಿಂದ ಹೆಬ್ಬೆರಳಿಗೆ ದಂಟು ಹಿಡಿದು ಮುರಿದುಕೊಂಡಳು.

*

ಮಲ್ಕಪ್ಪ ದಂಟನ್ನು ಒಂಬತ್ತು ಸಲ ಮಲಗಿಸಿದ. ಅವನು ಮೊದಲು ಎಳೆದಿದ್ದ ಗೆರೆ ಒಂದೂವರೆ ಪಾದ ಆಚೆ ಉಳಿಯಿತು.

"ಕಡೀ ಬೆಂಚಿನವ ನೋಡ್ರಿ," ಎಂದು ಅದನ್ನು ಕಾಲಿಂದ ಅಳಿಸಿ ಹೊಸ ಗೆರೆ ಎಳೆದ. ಆಮೇಲೆ ಏನು ನೆನಪಾಯಿತೋ, ಮಾಸ್ತರರಂತೆ ಕಿವಿಗೆ ಕೈ ಹಚ್ಚಿ ಸುತ್ತ ನೋಡಿದ.

"ಎಷ್ಟು ಬಂತ್ರೆಪಾ?"

"ಒಂಬತ್ತು," ಎಂದರು ನಿಂತವರು.

ಶಿವಗಂಗಾ ಚಪ್ಪಲಿ ಬಿಟ್ಟಳು. ಹೆಬ್ಬೆರಳಿಗೆ ಹಿಮ್ಮಡಿ ತಾಗಿಸುತ್ತ ಆ ಗೆರೆಯಿಂದ ಈ ಗೆರೆಗೆ ನಡೆದಳು.

"ನನಗ ಹತ್ತು ಬಂತು," ಎಂದಳು, ಎಲ್ಲರಿಗೂ ಕೇಳುವಂತೆ.

ಮಾಸ್ತರರ ಕೈಯಲ್ಲಿ ಕಲಿತ ನರೆಗೂದಲಿನವನೊಬ್ಬ ಬಗ್ಗಿ ಚಪ್ಪಲಿ ಕಳಚಿದ. ಅವನ ಹಿಂದೆ ಮತ್ತೊಬ್ಬ, ಇನ್ನೊಬ್ಬಳು. ಸಲಿಕೆ ಹಿಡಿದವರು ಕಾಯುತ್ತ ನಿಂತರು. ಬದುವಿನ ಮೇಲೆ ಚಪ್ಪಲಿಗಳ ಸಾಲು ಬೆಳೆಯತೊಡಗಿತು.