ಬೆಳ್ಯಪ್ಪನವರ ಮದ್ದಿನಳತೆ

ನಾನು ಹೆಬ್ಬೆರಳುದ್ದದ ಒಂದು ಹಿತ್ತಾಳೆಯ ಅಳತೆ. ಅದಕ್ಕೂ ಮೊದಲು ಖಾಲಿ ತೋಟಾ ಆಗಿದ್ದೆ. ಕೊಡಗಿನ ಬೆಳ್ಯಪ್ಪ ಎಂಬವರು ನನ್ನನ್ನು ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ತಂತಿಯ ಹಿಡಿಯೊಂದನ್ನು ಬೆಸೆದರು. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಅವರ ಹಳೆಯ ರೈಫಲ್ ಕೋವಿಗೆ ಪ್ರತಿಸಲವೂ ಅಷ್ಟಕ್ಕಷ್ಟೇ ಮದ್ದು ಅಳೆದುಕೊಡುವುದು ನನ್ನ ಕೆಲಸ. ದೊಡ್ಡ ಕೆಲಸವೇನಲ್ಲ. ಅಷ್ಟನ್ನೂ ಮನುಷ್ಯರು ಕೆಡಿಸುವುದನ್ನು ನೋಡಿ ನೋಡಿ ನನಗೆ ಹೇಸಿಗೆ ಹುಟ್ಟಿದೆ.

ಬೆಳ್ಯಪ್ಪನವರ ಕೈ ಮಾತ್ರ ಬೇರೆ ಎಂದುಕೊಂಡಿದ್ದೆ. ನನ್ನನ್ನು ತುಂಬಿ, ಎರಡು ಸಲ ತಟ್ಟಿ, ಅಂಚಿಗಿಂತ ಮೇಲೆ ನಿಂತ ಮದ್ದನ್ನು ಹಳೆಯ ಇಸ್ಪೀಟು ಎಲೆಯಿಂದ ಸವರಿ ತೆಗೆಯುತ್ತಿದ್ದರು. ಗುಂಡುಗಳನ್ನೂ ತೂಗಿ, ತೂಕ ತಪ್ಪಿದ್ದನ್ನು ಮತ್ತೆ ಕರಗಿಸಲು ಎಸೆಯುತ್ತಿದ್ದರು. ಕೆನ್ನೆ ಪ್ರತಿಸಲವೂ ಕೋವಿಯ ಅದೇ ಜಾಗಕ್ಕೆ ತಾಗಬೇಕು, ಅರ್ಧ ಉಸಿರು ಬಿಟ್ಟು ಹಿಡಿಯಬೇಕು, ಟ್ರಿಗರನ್ನು ಜಗ್ಗದೆ ಮೆಲ್ಲಗೆ ಒತ್ತಬೇಕು. ಇಷ್ಟನ್ನೂ ಮಗ ಉತ್ತಯ್ಯನಿಗೂ ಮಗಳು ಚೋಂದಮ್ಮನಿಗೂ ಒಟ್ಟಿಗೇ ಕಲಿಸಿದರು.

ಉತ್ತಯ್ಯನ ತಲೆಗೆ ಹತ್ತಲಿಲ್ಲ. ಆ ಮನೆಯಲ್ಲಿ ಯಾರಿಗಾದರೂ ಅಕ್ಕಿ ಅಳೆದುಕೊಡುವಾಗ ಸೇರಿನ ಮೇಲೆ ಗೋಪುರ ನಿಂತರೇ ಮರ್ಯಾದೆ, ಸವರಿ ಕೊಡುವವರು ಜಿಪುಣರು. ಅದೇ ದೊಡ್ಡಸ್ತಿಕೆಯನ್ನು ಅವನು ಮದ್ದಿಗೂ ತಂದ.

"ಸವರೋದು ಯಾಕೆ? ನಾವೇನು ಗತಿ ಇಲ್ಲದವರಾ?"

ಒಮ್ಮೆ ಗೋಪುರ, ಒಮ್ಮೆ ಅರ್ಧ ಗೋಪುರ. ಗುಂಡು ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಬೈಗುಳವೆಲ್ಲ ಕೋವಿಗೆ, ಗಾಳಿಗೆ, ಬಿಸಿಲಿಗೆ. ಬೆವರಿದ ಆ ಕೈ ತಾಗಿದರೆ ನನಗೆ ಮೈಯೆಲ್ಲ ಮುದುಡಿದಂತಾಗುತ್ತಿತ್ತು.

ಬೆಳ್ಯಪ್ಪನವರ ಕಣ್ಣು ಮಂಜಾದ ವರ್ಷ ಕೈಲ್‌ಪೊಳ್ದ್ ಬಂತು. ಆಯುಧಗಳನ್ನು ಪೂಜಿಸಿ, ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಹಬ್ಬ ಅದು. ಮನೆಮಂದಿಯ ಮುಂದೆ ಅವರು ಹೇಳಿದರು: "ಮೂರು ಕಾಯಿಲಿ ಯಾರು ಜಾಸ್ತಿ ಹೊಡೀತಾರೋ ಕೋವಿ ಅವರದ್ದು. ಮಗ, ಮಗಳು ಅಂತ ನಾನು ನೋಡೋದಿಲ್ಲ."

ನಮ್ಮಲ್ಲಿ ಹೆಂಗಸರು ಗುರಿ ಇಡುವುದು ಹೊಸದೇನಲ್ಲ. ಚೋಂದಮ್ಮನಿಗಂತೂ ಆ ಕೋವಿ ಎಂದರೆ ಪ್ರಾಣ. ಅದಕ್ಕೆ ವರ್ಷಗಟ್ಟಲೆ ಎಣ್ಣೆ ಹಾಕಿ ಒರೆಸಿದವಳು ಅವಳೇ.

ಉತ್ತಯ್ಯನಿಗೆ ಮೂರೂ ತಪ್ಪಿದವು. ಚೋಂದಮ್ಮ ತುಂಬಿದಳು, ತಟ್ಟಿದಳು, ಸವರಿದಳು. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ. ಮೂರು ಕಾಯಿಯೂ ಚೂರಾದವು. ನಾನು ಹಿಗ್ಗಿಹೋದೆ.

ಬೆಳ್ಯಪ್ಪನವರು ಕೆಮ್ಮಿದರು. "ಇದು ಅಭ್ಯಾಸ ಅಂತ ಇಟ್ಕೊಳ್ಳೋಣ. ಇನ್ನು ಮೂರು ಕಟ್ಟಿ."

ಮತ್ತೆ ಮೂರು ಕಟ್ಟಿದರು. ಉತ್ತಯ್ಯನಿಗೆ ಅದೃಷ್ಟಕ್ಕೆ ಒಂದು ಸಿಕ್ಕಿತು. ಚೋಂದಮ್ಮನಿಗೆ ಮತ್ತೆ ಮೂರು.

"ಇವತ್ತು ಗಾಳಿ ಜಾಸ್ತಿ," ಎಂದರು ಬೆಳ್ಯಪ್ಪನವರು. "ಕೋವಿ ಸದ್ಯ ಉತ್ತಯ್ಯನ ಹತ್ರ ಇರಲಿ."

"ನಂಗೂ ಅದೇ ಗಾಳಿ ಇತ್ತಲ್ಲ, ಅಪ್ಪ."

ಅವಳು ನಳಿಗೆಯನ್ನು ಒರೆಸಿ, ಕೋವಿಯನ್ನು ಅಪ್ಪನ ಮಡಿಲಿಗಿಟ್ಟು ಅಂಗಳ ದಾಟಿ ಹೋದಳು. ಆಮೇಲೆ ಅದನ್ನು ಮುಟ್ಟಲೇ ಇಲ್ಲ.

ಈಗ ಕೋವಿ ಗೋಡೆಯ ಮೇಲೆ ತುಕ್ಕು ಹಿಡಿಯುತ್ತಿದೆ. ನಾನು ಉಗ್ರಾಣದ ಕಿಟಕಿಯಲ್ಲಿದ್ದೇನೆ. ಉತ್ತಯ್ಯ ನನ್ನಿಂದ ಇರುವೆ ಪುಡಿ ತೋಡುತ್ತಾನೆ. ಅವನ ಮೇಲೆ ನನಗೆ ಈಗ ಸಿಟ್ಟಿಲ್ಲ. ಅವನಿಗೆ ಗೊತ್ತಾಗಲಿಲ್ಲ, ಅಷ್ಟೆ. ಆದರೆ ಕೆಲವು ಸಂಜೆ ಬೆಳ್ಯಪ್ಪನವರು ಗೋಡೆ ತಡವುತ್ತಾ ಬಂದು, ನನ್ನನ್ನು ಹುಡುಕಿ ಕೈಗೆತ್ತಿಕೊಂಡು ಪ್ರೀತಿಯಿಂದ ಸವರುತ್ತಾರೆ. ಎಲ್ಲ ಗೊತ್ತಿದ್ದ ಕೈ ಅದು. ಅದು ತಾಗಿದಾಗಲೇ ನನಗೆ ಓಕರಿಕೆ ಬರುವುದು.