ಬೂದೆಮ್ಮನ ಭತ್ತ

"ಲೇ ಬೂದಿ, ಕೂಲಿ ಅಂತ ಬಾಯಿ ಬಿಟ್ಟಿ ಅಂದ್ರ ನಾಲಿಗಿ ಸೀಳ್ತೀನಿ. ಏನಂತ ಹೇಳ್ತಿ?"

"ಲಾರಿಯಾಗಿನ ಭತ್ತ ನಂದರಿ."

"ಹಾಂ. ಈಗ ಮನಷ್ಯಾಳಾದಿ."

ರಾಯಚೂರು ಕೋರ್ಟಿನ ಬೇವಿನ ಮರದಡಿ ಪ್ರಭುರಾಜ ಸಾಹುಕಾರ ಬೂದೆಮ್ಮನಿಗೆ ಪಾಠ ಹೇಳಿಕೊಡುತ್ತಿದ್ದ. ಮಲ್ಲಟದಿಂದ ಮಾನ್ವಿಯ ಅವನ ಗಿರಣಿಗೆ ಭತ್ತ ತರುತ್ತಿದ್ದ ಅವನದೇ ಲಾರಿ ನೀರಮಾನ್ವಿ ಹತ್ತಿರ ಮಗುಚಿ, ಚೀಲ ಹೇರಿ ಮೇಲೆ ಕೂತಿದ್ದ ಬೂದೆಮ್ಮನ ಎಡಗಾಲು ಮುರಿದಿತ್ತು. ಓಡಿ ಬಂದ ಸಾಹುಕಾರ ಮೊದಲು ಭತ್ತವನ್ನು ಗಿರಣಿಗೆ ಕಳಿಸಿದ. ಆಮೇಲೆ ಅವಳನ್ನು ಆಸ್ಪತ್ರೆಗೆ.

ಕೂಲಿಯವರಿಗೆಂದು ಅವನು ವಿಮೆ ಕಟ್ಟಿರಲಿಲ್ಲ. ಕೂಲಿ ಎಂದರೆ ಪರಿಹಾರ ಅವನ ತಲೆಗೆ. ಸರಕಿನ ಒಡತಿ ತನ್ನ ಸರಕಿನ ಜೊತೆ ಬರುತ್ತಿದ್ದಳು ಎಂದರೆ ವಿಮೆ ಕಂಪನಿಯ ತಲೆಗೆ. ಉಪಾಯ ಅವನ ವಕೀಲನದು.

ಒಳಗೆ ಕಂಪನಿ ವಕೀಲ ನಕ್ಕ. "ಗುಂಟೆ ಹೊಲ ಇಲ್ಲ, ಲಾರಿ ತುಂಬ ಭತ್ತ ಎಲ್ಲಿಂದ ಬಂತಮ್ಮ?"

"ಸಾವಕಾರ್ರನ್ನ ಕೇಳ್ರಿ. ಅವರಿಗೇ ಚೊಲೊ ಗೊತ್ತು."

ಸಾಹುಕಾರ ಕಟಕಟೆ ಹತ್ತಿ ಎದೆ ಮುಟ್ಟಿಕೊಂಡ. "ದೇವರಾಣಿ ಸಾಹೇಬ್ರ, ಎಲ್ಲಾ ಬೂದೆಮ್ಮಕ್ಕಾರದು. ಒಂದ್ ಕಾಳೂ ನಂದಲ್ಲ. ನಂದು ಬರೇ ಬಾಡಿಗಿ ಲಾರಿ."

ಬೂದೆಮ್ಮ ಒಂದೊಂದು ಮಾತಿಗೂ ಕಿವಿಗೊಟ್ಟಳು. ಹುಟ್ಟಿದಾಗಿನಿಂದ ಒಂದು ಸೇರು ಕಾಳನ್ನೂ ತೋರಿಸಿ ಇದು ನಿನ್ನದು ಎಂದು ಯಾರೂ ಅಂದಿರಲಿಲ್ಲ. ಈಗ ಜಡ್ಜ್ ಸಾಹೇಬರೇ ಅದನ್ನು ಟೈಪ್ ಮಾಡಿಸುತ್ತಿದ್ದರು.

ಮರುದಿನ ಗಂಡ ಜಂಬಣ್ಣ, ಜೊತೆಯ ಹಮಾಲರು, ಒಂದು ಟ್ರ್ಯಾಕ್ಟರ್ ಸಮೇತ ಅವಳು ಗಿರಣಿಗೆ ಬಂದಳು.

"ಯಾಕ ಬಂದಿಬೇ?"

"ನನ್ನ ಭತ್ತ ಒಯ್ಯಾಕ ಬಂದೀನ್ರಿ."

ಸಾಹುಕಾರ ಹೊಟ್ಟೆ ಹಿಡಿದು ನಕ್ಕ. ಟ್ರ್ಯಾಕ್ಟರ್ ಗೋದಾಮಿನ ಕಡೆ ಹಿಮ್ಮುಖವಾಗಿ ಬರುವುದು ಕಂಡು ನಗು ನಿಂತಿತು.

"ಬೋಸುಡಿ, ತಲಿ ಕೆಟ್ಟದೇನು? ಕೋರ್ಟಿನಾಗ ಹೇಳೂದು ಬ್ಯಾರೆ, ಖರೇ ಬ್ಯಾರೆ!"

"ಹಂಗಾರ ನಡ್ರಿ, ಇದನ್ನ ಸಾಹೇಬ್ರ ಮುಂದ ಹೇಳೂನು."

"ಪೊಲೀಸರನ್ನ ಕರೀತೀನಿ!"

"ಕರೀರಿ. ದೇವರಾಣಿ ಮಾಡಿದ್ದು ಸುಳ್ಳು ಅಂತ ಅವರಿಗೂ ಹೇಳ್ರಿ."

ಅವನು ಫೋನ್ ತೆಗೆದ. ನೋಡಿದ. ಮತ್ತೆ ಜೇಬಿಗೆ ಇಳಿಸಿದ. ದನಿಯೂ ಇಳಿಯಿತು. "ಯವ್ವಾ ಬೂದೆಮ್ಮ, ಒಳಗ ಬಾ, ಚಾ ಕುಡಿ."

"ಚೀಲ ಏರಿಸಿ ಕುಡೀತೀನ್ರಿ."

ಜಂಬಣ್ಣ ಮೊದಲ ಚೀಲಕ್ಕೆ ಬೆನ್ನು ಕೊಟ್ಟ.

"ಶಟರ್ ಎಳಿಯಲೇ!" ಸಾಹುಕಾರ ಕಾವಲುಗಾರನಿಗೆ ಕಿರುಚಿದ.

ಶಟರ್ ಗರಗರ ಇಳಿಯತೊಡಗಿತು. ಬೂದೆಮ್ಮ ಊರುಗೋಲು ಬದಿಗಿಟ್ಟು ಹೊಸ್ತಿಲ ಮೇಲೆ ಕೂತಳು. ಸೀರೆ ಸರಿಪಡಿಸಿಕೊಂಡು, ರಾಡು ಹಾಕಿದ ಕಾಲನ್ನು ಶಟರಿನ ಕೆಳಗೆ ನೀಟಾಗಿ ಚಾಚಿದಳು.

"ಇಳಸ್ರಿ ಸಾವಕಾರ್ರ. ಈ ಕಾಲು ಇನ್ನಾ ಕೇಸಿನಾಗ ಅದ."