ಮಾವನ ಬೆನ್ನಿಗೆ ಬಿದ್ದ ಗುದ್ದು

ಸೊಸೆ ಮಾವನಿಗೆ ಗುದ್ದಿದ್ದು ನಿಜ. ಅದೂ ಹಾಡಹಗಲಲ್ಲಿ, ಊಟದ ಮೇಜಿನ ಪಕ್ಕ, ಗಂಡ, ಅತ್ತೆ, ನಾದಿನಿ ಮೂವರೂ ಕಣ್ಣು ಬಿಟ್ಟುಕೊಂಡು ನೋಡುತ್ತಿರುವಾಗ. ಆಮೇಲೆ ನೆಂಟರಿಷ್ಟರ ಫೋನಿನಲ್ಲಿ ಈ ಸುದ್ದಿ ಓಡಾಡಿತು. ಆದರೆ ಯಾಕೆ ಗುದ್ದಿದಳು ಎಂಬ ಸಣ್ಣ ವಿವರ ಮಾತ್ರ ದಾರಿಯಲ್ಲೆಲ್ಲೋ ಉದುರಿಹೋಯಿತು.

ಅವಳಿಗೆ ಗಾಜಿನ ಬಾಟಲಿ ಕಾರ್ಖಾನೆಯಲ್ಲಿ ಕೆಲಸ. ದೀಪದ ಮುಂದೆ ಸಾಲಾಗಿ ಸಾಗುವ ಬಾಟಲಿಗಳಲ್ಲಿ ಬಿರುಕು ಹುಡುಕಬೇಕು. ಮನೆಗೆ ಬಂದ ಮೇಲೂ ಅವಳು ಅದನ್ನೇ ಮಾಡುತ್ತಾಳೆ ಎಂಬುದು ಅತ್ತೆಯ ದೂರು. ಪ್ರಥಮ ಚಿಕಿತ್ಸೆಯ ತರಬೇತಿಗೆ ವಿಭಾಗಕ್ಕೊಬ್ಬರು ಹೋಗಲೇಬೇಕು ಎಂದು ಆದೇಶ ಬಂದಾಗ ಒಬ್ಬರಿಗೆ ಸೊಂಟ ಹಿಡಿಯಿತು, ಇನ್ನೊಬ್ಬರ ಮನೆಗೆ ನೆಂಟರು ಬಂದರು. ಆ ಹೊತ್ತಿಗೆ ಕೈ ತೊಳೆಯಲು ಹೋಗಿದ್ದ ಇವಳನ್ನು ಎಲ್ಲರೂ ಒಮ್ಮತದಿಂದ ಆರಿಸಿದರು. ಇವಳು ಇಡೀ ದಿನ ರಬ್ಬರ್ ಗೊಂಬೆಗೆ ಗುದ್ದಿ, ಅದುಮಿ, ಕೈ ನೋಯಿಸಿಕೊಂಡು ಮನೆಗೆ ಬಂದಳು.

“ಗೊಂಬೆ ಜೊತೆ ಆಟ ಆಡೋಕೂ ಸಂಬಳ ಕೊಡ್ತಾರಾ? ನಮ್ಮ ಕಾಲದಲ್ಲಿ ಇಂಥ ಭಾಗ್ಯ ಇರ್ಲಿಲ್ಲಪ್ಪ” ಎಂದರು ಮಾವ.

ಮಾವ ಬದುಕಿನುದ್ದಕ್ಕೂ ಹರಾಜು ಕೂಗಿದವರು. ಹಳೇ ಬೀರು, ಮುರಿದ ಕುರ್ಚಿ, ದಿವಾಳಿಯಾದ ಅಂಗಡಿಯ ಸಾಮಾನು, ಏನು ಕೊಟ್ಟರೂ ಗಂಟಲಿನ ಬಲದಿಂದಲೇ ಬೆಲೆ ಏರಿಸುತ್ತಿದ್ದರು. ನಿವೃತ್ತರಾದದ್ದು ಅವರು, ಗಂಟಲಲ್ಲ. ಹೊರಗೆ ಕೇಳುತ್ತಿದ್ದ ಗಿರಾಕಿಗಳ ಜಾಗಕ್ಕೆ ಈಗ ಮನೆಯವರು ಬಂದಿದ್ದರು, ಅಷ್ಟೇ. ಬೀದಿಯ ಮಕ್ಕಳು ಅವರಿಗೆ ಮೈಕಾಸುರ ಎಂದು ಹೆಸರಿಟ್ಟಿದ್ದವು. ಸೊಸೆಗೆ ಅದು ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇದ್ದಳು.

ಆ ಭಾನುವಾರ ಮಧ್ಯಾಹ್ನದ ಊಟಕ್ಕೆ ನಾದಿನಿಯೂ ತನ್ನ ಕೂಸಿನೊಂದಿಗೆ ಬಂದಿದ್ದಳು. ಮಾವನ ಅಂದಿನ ಭಾಷಣದ ವಿಷಯ: ಈಗಿನವರಿಗೆ ಊಟ ಮಾಡಲು ಬರುವುದಿಲ್ಲ.

“ಅಗಿಯೋದೇ ಇಲ್ಲ! ಗುಳುಂ ಗುಳುಂ ಅಂತ ನುಂಗ್ತಾರೆ. ನನ್ನ ನೋಡಿ ಕಲೀರಿ...” ಎನ್ನುತ್ತ ಮಾಂಸದ ದೊಡ್ಡ ತುಂಡೊಂದನ್ನು ಬಾಯಿಗೆ ಹಾಕಿಕೊಂಡು, ಅಗಿಯಲು ಪುರುಸೊತ್ತಿಲ್ಲದೆ ಮಾತು ಮುಂದುವರಿಸಿದರು. ಮಾತು ಅರ್ಧಕ್ಕೇ ನಿಂತಿತು.

ಎಲ್ಲರೂ ನೆಮ್ಮದಿಯಾಗಿ ಉಣ್ಣತೊಡಗಿದರು. ಅತ್ತೆಯಂತೂ ಅನ್ನ ಬಡಿಸಿಕೊಂಡು, “ಇವತ್ತು ಊಟ ರುಚಿಯಾಗಿದೆ” ಎಂದರು. ಸೊಸೆಗೂ ಒಂದು ಗಳಿಗೆ ಹಾಯೆನಿಸಿತು. ಮರುಗಳಿಗೆಯೇ ಅನುಮಾನ ಬಂತು. ಈ ಮನುಷ್ಯ ನಿದ್ದೆಯಲ್ಲೂ ಸುಮ್ಮನಿರುವವರಲ್ಲ. ತಲೆ ಎತ್ತಿ ನೋಡಿದರೆ ಮಾವ ಎರಡೂ ಕೈಯಲ್ಲಿ ಗಂಟಲು ಹಿಡಿದುಕೊಂಡಿದ್ದಾರೆ, ಕಣ್ಣು ಹೊರಬಂದಿದೆ, ತುಟಿ ನೀಲಿಗಟ್ಟುತ್ತಿದೆ.

“ಮಾವ, ಗಂಟಲಿಗೆ ಸಿಕ್ಕಿತಾ? ಕೆಮ್ಮಿ! ಜೋರಾಗಿ ಕೆಮ್ಮಿ!”

ಕೆಮ್ಮು ಬರಲಿಲ್ಲ. ಸದ್ದೇ ಬರಲಿಲ್ಲ. ಕೆಮ್ಮಲು ಆಗುವವರನ್ನು ಕೆಮ್ಮಲು ಬಿಡಬೇಕು. ಆಗದವರಿಗೆ ಕೂಡಲೇ ಕೈ ಹಚ್ಚಬೇಕು. ಅವಳು ಕುರ್ಚಿ ಒದ್ದು ಎದ್ದಳು.

ಅಷ್ಟರಲ್ಲಿ ಮನೆಯ ತಜ್ಞರೆಲ್ಲ ಎಚ್ಚೆತ್ತರು. ಅತ್ತೆ ಮಾವನ ನೆತ್ತಿ ತಟ್ಟುತ್ತ, “ಮೇಲೆ ನೋಡ್ರೀ, ಸೂರು ನೋಡ್ರೀ” ಎಂದರು. ಗಂಡ ನೀರಿನ ಲೋಟವನ್ನು ಅಪ್ಪನ ತುಟಿಗೇ ಒತ್ತಿದ. ನಾದಿನಿ, “ಬೆರಳು ಹಾಕಿ ತೆಗೀತೀನಿ ತಡೀರಿ” ಎಂದು ಬಳೆ ಹಿಂದಕ್ಕೆ ಸರಿಸಿಕೊಂಡಳು. ಮೂವರ ಕೈಯಲ್ಲಿ ಸಿಕ್ಕಿದ್ದರೆ ಮಾವ ಎಲ್ಲರ ಪ್ರೀತಿಯ ನಡುವೆಯೇ ಕಣ್ಣು ಮುಚ್ಚುತ್ತಿದ್ದರು.

“ನೀರು ಬೇಡ! ಕಾಣದೇ ಇರೋದಕ್ಕೆ ಬೆರಳು ಹಾಕಿದ್ರೆ ಇನ್ನೂ ಒಳಗೆ ಹೋಗತ್ತೆ! ನೀವು ಆಂಬುಲೆನ್ಸ್‌ಗೆ ಫೋನ್ ಮಾಡಿ!” ಎಂದು ಗಂಡನಿಗೆ ಕೂಗಿ, ಅವಳು ಮಾವನನ್ನು ಎಬ್ಬಿಸಿ ನಿಲ್ಲಿಸಿ, ಎದೆಗೆ ಒಂದು ಕೈ ಆನಿಸಿ ಮುಂದಕ್ಕೆ ಬಗ್ಗಿಸಿದಳು. ಇನ್ನೊಂದು ಅಂಗೈಯ ಬುಡದಿಂದ ಎರಡು ಹೆಗಲುಮೂಳೆಗಳ ನಡುವೆ ಬಿಗಿಯಾಗಿ ಗುದ್ದಿದಳು.

“ಅಯ್ಯೋ, ವಯಸ್ಸಾದವರು ಕಣೇ!” ಎಂದು ಅತ್ತೆ ಕಿರುಚಿದರು.

ಐದು ಸಲ ಗುದ್ದಿದರೂ ತುಂಡು ಜಗ್ಗಲಿಲ್ಲ. ಅವಳು ಹಿಂದಿನಿಂದ ಮಾವನನ್ನು ತಬ್ಬಿದಳು. ಹೊಕ್ಕುಳಿಗಿಂತ ಮೇಲೆ, ಪಕ್ಕೆಲುಬಿಗಿಂತ ಕೆಳಗೆ ಮುಷ್ಟಿ ಇಟ್ಟು, ಇನ್ನೊಂದು ಕೈಯಿಂದ ಅದನ್ನು ಹಿಡಿದು, ಒಳಕ್ಕೂ ಮೇಲಕ್ಕೂ ಒಮ್ಮೆಲೇ ಎಳೆದಳು. ಗೊಂಬೆಗೆ ಇಷ್ಟು ಭಾರವಿರಲಿಲ್ಲ. ಗೊಂಬೆಯ ಕಾಲು ಹೀಗೆ ನಡುಗಿರಲಿಲ್ಲ. ಪ್ರಜ್ಞೆ ತಪ್ಪಿದರೆ ನೆಲಕ್ಕೆ ಮಲಗಿಸಿ ಎದೆ ಒತ್ತಬೇಕು ಎಂಬುದು ನೆನಪಾಯಿತು. ಇನ್ನೊಮ್ಮೆ ಎಳೆದಳು. ಮತ್ತೊಮ್ಮೆ.

ತುಂಡು ಹಾರಿ ಬಂದು ಸಾರಿನ ಪಾತ್ರೆಗೆ ಬಿತ್ತು. ಮಾವ ಗೊರಗೊರ ಉಸಿರೆಳೆದು, ಅಲ್ಲೇ ಕುಸಿದು ಕೂತು, ಸಾವರಿಸಿಕೊಂಡು ಆಡಿದ ಮೊದಲ ಮಾತು: “ನನ್ನ ಪಕ್ಕೆ ಮುರಿದ್ಯಲ್ಲಮ್ಮ!”

ಹೊಟ್ಟೆ ಅದುಮಿಸಿಕೊಂಡವರನ್ನು ವೈದ್ಯರಿಗೆ ತೋರಿಸಲೇಬೇಕು ಎಂದು ಅವಳು ಹಟ ಹಿಡಿದು, ಬಂದ ಆಂಬುಲೆನ್ಸ್‌ನಲ್ಲೇ ಆಸ್ಪತ್ರೆಗೆ ಕರೆದೊಯ್ದಳು. ವೈದ್ಯೆ ಪರೀಕ್ಷಿಸಿ, “ಒಳಗೇನೂ ಪೆಟ್ಟಾಗಿಲ್ಲ. ಯಾರು ಮಾಡಿದ್ದು ಇದು?” ಎಂದು ಕೇಳಿದಾಗ ಸೊಸೆ ಬಾಯಿ ತೆರೆಯುವ ಮೊದಲೇ ಮಾವ, “ನಾನೇ ಕೆಮ್ಮಿದೆ. ಇವಳು ಬೆನ್ನು ಸವರಿದಳು” ಎಂದರು.

ಒಂದು ವಾರದೊಳಗೆ ಮಾವನ ಬಾಯಲ್ಲಿ ಆ ತುಂಡು ಹೆಬ್ಬೆರಳಿನಿಂದ ನಿಂಬೆಹಣ್ಣಿಗೆ, ನಿಂಬೆಯಿಂದ ಮುಷ್ಟಿಗೆ ಬೆಳೆಯಿತು. ಮಾವನ ಧೈರ್ಯವೂ ಹಾಗೆಯೇ. ಅತ್ತೆಯ ಫೋನಿನಲ್ಲಿ ಮಾತ್ರ ಗುದ್ದುಗಳು ಬೆಳೆಯುತ್ತಿದ್ದವು. “ಎಷ್ಟು ದಿನದ ಸಿಟ್ಟಿತ್ತೋ ಪಾಪ” ಎಂದು ಅತ್ತೆಯ ತಂಗಿ ಆಚೆಯಿಂದ ಲೊಚಗುಟ್ಟಿದ್ದು ಸೊಸೆಗೂ ಕೇಳಿಸಿತು. ಸಿಟ್ಟು ಇರಲೇ ಇಲ್ಲ ಎಂದು ಆಣೆ ಮಾಡಲು ಅವಳೂ ತಯಾರಿರಲಿಲ್ಲ.

ಮುಂದಿನ ಭಾನುವಾರ ನಾದಿನಿ ಅಡುಗೆಮನೆಗೆ ಬಂದು ಬಾಗಿಲು ಮುಚ್ಚಿಕೊಂಡಳು.

“ಅತ್ತಿಗೆ, ನಮ್ಮ ಪಾಪು ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೊಳತ್ತೆ. ಇದಕ್ಕೂ ಹಂಗೇ ಹೊಟ್ಟೆ ಅದುಮಬೇಕಾ?”

“ಬೇಡವೇ ಬೇಡ. ವರ್ಷ ತುಂಬದ ಕೂಸಿನ ಹೊಟ್ಟೆ ಅದುಮಬಾರದು” ಎಂದು ಸೊಸೆ ಕೋಣೆಯಿಂದ ಸಣ್ಣ ದಿಂಬು ತಂದಳು. ಅದನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆಯ ಕಡೆ ಕೆಳಗೆ ಮಾಡಿ, ದವಡೆ ಹಿಡಿಯುವುದನ್ನು ತೋರಿಸಿದಳು. “ಬೆನ್ನಿಗೆ ಐದು ಪೆಟ್ಟು. ಬರಲಿಲ್ಲವಾ, ಅಂಗಾತ ತಿರುಗಿಸಿ ಎದೆ ನಡುವೆ ಎರಡು ಬೆರಳಲ್ಲಿ ಐದು ಸಲ ಒತ್ತು. ಬರೋವರೆಗೂ ಇದೇ. ವರ್ಷ ದಾಟಿದ ಮಕ್ಕಳಿಗೆ ನಾವು ಮಂಡಿಯೂರಿ ಕೂತು, ಮಾವನಿಗೆ ಮಾಡಿದ ಹಾಗೇ, ಸ್ವಲ್ಪ ಮೆಲ್ಲಗೆ.”

ಬಾಗಿಲು ದಡಾರನೆ ತೆರೆಯಿತು. “ಅನುಭವ ಇರೋನು ನಾನು, ಪಾಠ ಹೇಳೋರು ನೀವಾ?” ಎಂದು ಮಾವ ದಿಂಬು ಕಿತ್ತುಕೊಂಡು, ಅದರ ಎರಡು ಮೂಲೆ ಹಿಡಿದು ತಲೆಕೆಳಗಾಗಿ ಒದರಿದರು.

“ಅಪ್ಪಾ, ನನ್ನ ಮಗೂನ ಹಾಗೆ ಒದರ್ತೀರಾ ನೀವು?” ಎಂದಳು ನಾದಿನಿ.

ಮಾವ ದಿಂಬನ್ನು ನೋಡಿದರು; ಮಗಳ ಸೊಂಟದ ಮೇಲೆ ಕೂತು ಬಾಯಿಗೆ ಬೆರಳು ತುರುಕಿಕೊಂಡಿದ್ದ ಕೂಸನ್ನು ನೋಡಿದರು. ಆಮೇಲೆ ದಿಂಬನ್ನು ಸೊಸೆಯ ಕೈಗೆ ಕೊಟ್ಟು, “ಎಲ್ಲಿ, ಮೊದಲಿಂದ ತೋರಿಸು” ಎಂದರು. ಅವಳು ತೋರಿಸಿದಳು. ಮಾವ ಮಾಡಿದರು, ತಪ್ಪಾಯಿತು. ಅವಳು ಅವರ ಕೈ ಹಿಡಿದು ಸರಿಪಡಿಸಿದಳು. ಸದ್ದು ಕೇಳಿ ಅತ್ತೆ ಬಂದರು, ಗಂಡ ಬಂದ.

ಅತ್ತೆಯ ಸರದಿ ಬಂದಾಗ ಅವರು ಬೆನ್ನಿಗೆ ಎಷ್ಟು ಮನಸ್ಸಿಟ್ಟು ಗುದ್ದಿದರೆಂದರೆ ದಿಂಬಿನ ಹೊಲಿಗೆ ಬಿಟ್ಟು ಹತ್ತಿಯೆಲ್ಲ ಒಲೆಯ ಮೇಲೆ ಹಾರಾಡಿತು. ಕೂಸು ಕೇಕೆ ಹಾಕಿ ನಕ್ಕಿತು. ಗಂಡ ಪೊರಕೆ ತಂದ.